ನೋಟ ಮತ್ತು ನಿಲುವು: ಕರ್ನಲ್ ಮೆಡೋಸ್ ಟೇಲರನ ಬಾಳು, ಬರಹ

೧

ಹತ್ತೊಂಬತ್ತನೆಯ ಶತಮಾನದ ಹೈದರಾಬಾದು ಸಂಸ್ಥಾನದ ಕನ್ನಡ ಭಾಗವನ್ನು ಕುರಿತು ಅಭ್ಯಾಸ ಮಾಡುವವರು ಯಾವ ದಾರಿಯಿಂದ ಹೊರಟರೂ ಒಂದಿಲ್ಲೊಂದು ಕಡೆ ಕರ್ನಲ್ ಫಿಲಿಪ್ ಮೆಡೋಸ್ ಟೇಲರನನ್ನು ಎದುರುಗೊಳ್ಳಬೇಕಾಗುತ್ತದೆ. ಸುರಪುರದ ನಾಯಕ ಅರಸರ ಕೊನೆಯ ದಿನಗಳಿಗೆ ಆತ ಸಾಕ್ಷಿ. ಭೀಮಾ, ಕೃಷ್ಣಾ ನದಿಗಳ ನಡುವಣ ಬೃಹತ್ ಶಿಲಾಸಮಾಧಿಗಳನ್ನು ಅಗೆದು ಪರೀಕ್ಷಿಸಿದ ಮೊದಲಿಗರಲ್ಲಿ ಒಬ್ಬ. ಬಿಜಾಪುರದ ಸ್ಮಾರಕಗಳನ್ನು ಕುರಿತ ಗ್ರಂಥಕ್ಕೆ ಐತಿಹಾಸಿಕ ಪ್ರಸ್ತಾವನೆ ಬರೆದವನು. ಇವೆಲ್ಲಕ್ಕಿಂತ ಮಿಗಿಲಾಗಿ ಆತ ಕಾದಂಬರಿಕಾರ. ಅಧಿಕಾರಿ, ವರದಿಗಾರ, ಶೋಧಕ, ಇತಿಹಾಸಕಾರ, ಕಥೆಗಾರ ಎಂಬ ಐದು ಪಾತ್ರಗಳನ್ನು ಒಬ್ಬನೇ ವಹಿಸಿದಾಗ, ಒಂದು ಪಾತ್ರದ ಮಾತು ಇನ್ನೊಂದರಲ್ಲಿ ಹೇಗೆ ನುಸುಳುತ್ತದೆ ಎಂಬುದನ್ನು ಪರಿಶೀಲಿಸಲು ಟೇಲರನ ಬದುಕಿಗಿಂತ ಒಳ್ಳೆಯ ನಿದರ್ಶನ ಈ ಪ್ರದೇಶದಲ್ಲಿ ದೊರೆಯುವುದು ಕಷ್ಟ.

ಟೇಲರ್ ಹುಟ್ಟಿದ್ದು ೧೮೦೮ರ ಸೆಪ್ಟೆಂಬರ್ ೨೫ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವರ್ತಕ. ವ್ಯಾಪಾರದಲ್ಲಿ ನಷ್ಟವುಂಟಾಗಿ ಮನೆತನದ ಸ್ಥಿತಿ ಇಳಿದದ್ದರಿಂದ ಹುಡುಗ ಎಳವೆಯಲ್ಲಿಯೇ ದುಡಿಮೆಗೆ ತೊಡಗಬೇಕಾಯಿತು. ೧೮೨೪ರಲ್ಲಿ, ಹದಿನಾರು ತುಂಬುವ ಮೊದಲೇ, ಮುಂಬಯಿಯ ಒಬ್ಬ ವರ್ತಕನ ಅಂಗಡಿಯಲ್ಲಿ ಕೆಲಸ ಮಾಡಲೆಂದು ಆತ ಹಡಗು ಹತ್ತಿದ. ಬಂದು ನೋಡಿದರೆ ಆ ಅಂಗಡಿ ದಿವಾಳಿಯ ಅಂಚಿನಲ್ಲಿತ್ತು. ತಾಯಿಯ ಕಡೆಯ ಸಂಬಂಧಿಯೊಬ್ಬರು ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು; ಅವರ ನೆರವಿನಿಂದ ಅದೇ ವರ್ಷ ನಿಜಾಮನ ಸೈನ್ಯದಲ್ಲಿ ಆತನಿಗೆ ಒಂದು ಹುದ್ದೆ ದೊರಕಿತು. ಔರಂಗಾಬಾದಿನ ಶಿಬಿರವನ್ನು ಸೇರಿದ ಆತ ಹಿಂದೂಸ್ತಾನಿ, ಮರಾಠಿ, ಪಾರಸಿಗಳನ್ನು ಶ್ರದ್ಧೆಯಿಂದ ಕಲಿತ.

ಈ ನೇಮಕದ ಸ್ವರೂಪವನ್ನು ಗಮನಿಸಬೇಕು. ಟೇಲರ್ ಈಸ್ಟ್ ಇಂಡಿಯಾ ಕಂಪನಿಯ ಒಡಂಬಡಿಕೆಯ ನೌಕರನಾಗಿರಲಿಲ್ಲ. ನಿಜಾಮನ ಸಂಬಳ ಪಡೆದು ಬ್ರಿಟಿಷ್ ರೆಸಿಡೆಂಟನ ಆಣತಿಯಂತೆ ನಡೆಯುವವನಾಗಿದ್ದ. ಕಂಪನಿಯ ಅಧಿಕಾರಿಗಳ ಕಣ್ಣಿಗೆ ಇಂಥವರು ಒಂದು ಮೆಟ್ಟಿಲು ಕೆಳಗಿನವರು. ಪ್ರಜೆಗಳ ಕಣ್ಣಿಗಾದರೋ ಆಳುವ ಬಿಳಿಯರಲ್ಲಿ ಅವರೂ ಒಬ್ಬರು. ಈ ನಡುವಣ ನೆಲೆ ಟೇಲರನ ಬರಹದುದ್ದಕ್ಕೂ ಕೆಲಸ ಮಾಡಿದೆ. ದೇಶೀಯರನ್ನು ಹತ್ತಿರದಿಂದ ಬಲ್ಲೆನೆಂಬ ಹೆಮ್ಮೆಯೂ, ತನ್ನ ಯೋಗ್ಯತೆಗೆ ತಕ್ಕ ಮನ್ನಣೆ ದೊರೆಯಲಿಲ್ಲವೆಂಬ ಕೊರಗೂ ಅಲ್ಲಿ ಒಟ್ಟಿಗೇ ಕಾಣುತ್ತವೆ.

೨

ಹೈದರಾಬಾದಿನಲ್ಲಿ ಟೇಲರನ ಬದುಕು ಪಾಮರ್ ಮನೆತನದೊಂದಿಗೆ ಬೆಸೆದುಕೊಂಡಿತು. ವಿಲಿಯಂ ಪಾಮರ್ ಆ ನಗರದ ಪ್ರಸಿದ್ಧ ಸಾಹುಕಾರ. ಜನರಲ್ ಪಾಮರನಿಗೆ ಮೊಗಲ್ ಕುಲೀನ ಮನೆತನದ ಫೈಜ್ ಬಕ್ಷ್ ಬೇಗಮಳಲ್ಲಿ ಹುಟ್ಟಿದ ಮಗ. ಆತನ ಸಂಸ್ಥೆ ನಿಜಾಮ ಸರ್ಕಾರಕ್ಕೆ ಭಾರಿ ಬಡ್ಡಿಯ ಸಾಲ ಕೊಟ್ಟು, ಕಂಪನಿಯ ವಿರೋಧ ಕಟ್ಟಿಕೊಂಡು, ೧೮೨೦ರ ದಶಕದಲ್ಲಿ ಮುರಿದುಬಿದ್ದಿತು. ಟೇಲರ್ ಈ ಪಾಮರನ ಮನೆತನದ ಮೇರಿಯನ್ನು ವಿವಾಹವಾದ. ತನ್ನ ಆತ್ಮಕಥೆಯಲ್ಲಿ ಪಾಮರನ ಚಿತ್ರವನ್ನು ಆತ ಗೌರವದಿಂದ, ಅನುಕಂಪದಿಂದ ಬಿಡಿಸಿದ್ದಾನೆ. ಸಂಸ್ಥಾನದ ಹಣಕಾಸಿನ ಚರಿತ್ರೆಯನ್ನು ಬರೆಯುವವರು ಆ ಪುಟಗಳನ್ನು ಬಳಸುವಾಗ, ಅದು ಅಳಿಯನೊಬ್ಬನ ಸಾಕ್ಷ್ಯವೆಂಬುದನ್ನು ನೆನಪಿಡಬೇಕಾಗುತ್ತದೆ.

ಮಾವನಿಗೆ ಇಷ್ಟು ಜಾಗ ಕೊಟ್ಟ ಆ ಆತ್ಮಕಥೆಯಲ್ಲಿ ಹೆಂಡತಿಗೆ ದೊರೆತದ್ದು ಬಹಳ ಕಡಿಮೆ. ಮಿಶ್ರಕುಲದ ಮದುವೆಗಳನ್ನು ಆಂಗ್ಲ ಸಮಾಜ ಕೀಳಾಗಿ ಕಾಣತೊಡಗಿದ್ದ ಕಾಲ ಅದು. ಆದರೆ ೧೮೭೨ರಲ್ಲಿ ಪ್ರಕಟವಾದ 'ಸೀತಾ' ಕಾದಂಬರಿಯಲ್ಲಿ ಒಬ್ಬ ಆಂಗ್ಲ ಅಧಿಕಾರಿ ಹಿಂದೂ ವಿಧವೆಯೊಬ್ಬಳನ್ನು ಮದುವೆಯಾಗುತ್ತಾನೆ. ಆ ದಾಂಪತ್ಯದ ಗೌರವವೂ, ಸುತ್ತಲಿನ ಬಿಳಿಯರ ಮುಜುಗರವೂ ಕಥೆಯ ಮುಖ್ಯ ವಸ್ತುವಾಗುತ್ತವೆ. ಸತ್ಯವನ್ನೇ ಹೇಳುವೆನೆಂದು ಹೊರಟ ಗ್ರಂಥ ಎಲ್ಲಿ ಮೌನ ತಾಳಿತೋ ಅಲ್ಲಿ ಕಲ್ಪನೆಯೆಂದು ಒಪ್ಪಿಕೊಂಡ ಗ್ರಂಥ ಮಾತನಾಡಿತು. ಬರಹಗಾರನ ನಿಲುವು ಆತ ಹೇಳಿದ್ದರಲ್ಲಿ ಇರುವಂತೆ ಹೇಳದೆ ಬಿಟ್ಟದ್ದರಲ್ಲಿಯೂ ಇರುತ್ತದೆ.

ಟೇಲರನಿಗೆ ಕೀರ್ತಿ ತಂದ ಕೃತಿ ೧೮೩೯ರ 'ಕನ್ಫೆಷನ್ಸ್ ಆಫ್ ಎ ಥಗ್'. ಅಮೀರ್ ಅಲಿ ಎಂಬ ಠಕ್ಕ ತಾನು ಮಾಡಿದ ಕೊಲೆಗಳನ್ನು ಆಂಗ್ಲ ಅಧಿಕಾರಿಯೊಬ್ಬನಿಗೆ ಹೇಳಿಕೊಳ್ಳುವ ರೂಪದಲ್ಲಿ ಈ ಕಾದಂಬರಿ ಇದೆ. ಲಂಡನ್ನಿನಲ್ಲಿ ಇದು ಅಚ್ಚಾಗುತ್ತಿದ್ದಾಗ ವಿಕ್ಟೋರಿಯಾ ರಾಣಿ ಕರಡಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂಬುದು ಪ್ರಸಿದ್ಧ ಸಂಗತಿ. ಅದರಲ್ಲಿ ಬರುವ ಘಟನೆಗಳು ಬಹುಮಟ್ಟಿಗೆ ನಿಜವೆಂದು ಟೇಲರ್ ಹೇಳಿಕೊಂಡ; ಓದುಗರೂ ಹಾಗೆಯೇ ನಂಬಿದರು. ೧೮೩೬ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾಗಿದ್ದ ಸ್ಲೀಮನ್ನನ 'ರಾಮಸೀಆನಾ' ಎಂಬ ಅಧಿಕೃತ ದಾಖಲೆಗಳ ಸಂಗ್ರಹಕ್ಕಿಂತ ಈ ಕಾದಂಬರಿಯೇ ಠಕ್ಕರ ಬಗೆಗಿನ ಜನರ ತಿಳಿವಳಿಕೆಯನ್ನು ರೂಪಿಸಿತು.

ಇಲ್ಲಿ ಒಂದು ತೊಡಕಿದೆ. ಕಾದಂಬರಿಗೂ ದಾಖಲೆಗೂ ಮೂಲ ಒಂದೇ: ಪ್ರಾಣಭಿಕ್ಷೆಯ ಆಸೆಯಿಂದ ಸರ್ಕಾರದ ಪರ ಸಾಕ್ಷಿ ನುಡಿದ ಕೈದಿಗಳ ಹೇಳಿಕೆ. ಪ್ರಶ್ನೆ ಕೇಳಿದವನು ಅಧಿಕಾರಿ, ಬರೆದುಕೊಂಡವನು ಗುಮಾಸ್ತ, ಇಂಗ್ಲಿಷಿಗೆ ತಿರುಗಿಸಿದವನು ಮತ್ತೊಬ್ಬ. ದಾರಿಗಳ್ಳರ ಗುಂಪುಗಳು ಇದ್ದವು, ಕೊಲೆಗಳು ನಡೆದವು ಎಂಬುದು ಸುಳ್ಳಲ್ಲ. ಆದರೆ ದೇಶವನ್ನೆಲ್ಲ ಆವರಿಸಿದ, ದೇವಿಯ ಹೆಸರಿನಲ್ಲಿ ಕೊಲ್ಲುವ ಒಂದೇ ಪಂಥ ಎಂಬ ಚಿತ್ರ ಎಷ್ಟರಮಟ್ಟಿಗೆ ಕೇಳಿದವರ ಪ್ರಶ್ನೆಗಳಿಂದಲೇ ಹುಟ್ಟಿತೆಂಬುದನ್ನು ಇತ್ತೀಚಿನ ದಶಕಗಳ ಇತಿಹಾಸಕಾರರು ಮತ್ತೆ ಮತ್ತೆ ಪರಿಶೀಲಿಸಿದ್ದಾರೆ. ಕೇಳುವವನೂ ಹೇಳುವವನೂ ಎದುರುಬದುರು ಕುಳಿತಿರುವುದನ್ನು ಕಾದಂಬರಿ ಬಹಿರಂಗವಾಗಿ ತೋರಿಸುತ್ತದೆ. ಸರ್ಕಾರಿ ಸಂಗ್ರಹದಲ್ಲಿ ಹೇಳಿಕೆಯೇ ಮುಂದೆ ನಿಂತು, ಅದನ್ನು ಪಡೆದ ಸನ್ನಿವೇಶ ಹಿಂದೆ ಸರಿಯುತ್ತದೆ.

ಇದೇ ಅವಧಿಯಲ್ಲಿ ಟೇಲರ್ ಇನ್ನೊಂದು ಕೆಲಸವನ್ನು ಕೈಗೊಂಡ. ೧೮೪೦ರಿಂದ ೧೮೫೩ರವರೆಗೆ ಆತ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಭಾರತದ ಬಾತ್ಮೀದಾರನಾಗಿದ್ದ. ಅಂದಿನ ಪದ್ಧತಿಯಂತೆ ವರದಿಗಳಿಗೆ ಹೆಸರಿರುತ್ತಿರಲಿಲ್ಲ. ಹೈದರಾಬಾದಿನ ಅಧಿಕಾರಿಯಾಗಿದ್ದವನೇ ಆ ದೇಶದ ವರ್ತಮಾನವನ್ನು ಬರೆಯುತ್ತಿದ್ದಾನೆಂಬುದು ಲಂಡನ್ನಿನ ಓದುಗನಿಗೆ ತಿಳಿಯುವಂತಿರಲಿಲ್ಲ. ಹೆಸರಿಲ್ಲದ ಬರಹಕ್ಕೆ ಪಕ್ಷವಿಲ್ಲವೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ.

೩

ಸುರಪುರದ ಸಂಬಂಧ ಆರಂಭವಾದದ್ದು ರಜೆಯಿಂದ ಹಿಂದಿರುಗಿದ ಮೇಲೆ. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಅಧಿಕಾರಕ್ಕಾಗಿ ರಾಣಿ ಈಶ್ವರಮ್ಮನಿಗೂ ಅರಸನ ಸೋದರ ಪಿಡ್ಡನಾಯಕನಿಗೂ ಪೈಪೋಟಿ ನಡೆಯಿತು. ರೆಸಿಡೆಂಟ್ ಜನರಲ್ ಫ್ರೇಸರ್ ಟೇಲರನನ್ನು ಅಲ್ಲಿಗೆ ಕಳುಹಿಸಿದ. ಮುಂದೆ ಸುಮಾರು ಹತ್ತು ವರ್ಷ, ೧೮೫೩ರವರೆಗೆ, ಆ ಸಂಸ್ಥಾನದ ಆಡಳಿತ ಆತನ ಕೈಯಲ್ಲಿತ್ತು. ಆತ ಭೂಮಿಯನ್ನು ಅಳೆಯಿಸಿದ, ಕಂದಾಯವನ್ನು ಗೊತ್ತುಪಡಿಸಿದ, ಬೋನಾಳದ ಕೆರೆಯನ್ನು ಅಭಿವೃದ್ಧಿಪಡಿಸಿದ, ಸಂಸ್ಥಾನದ ಸಾಲಗಳನ್ನು ತೀರಿಸುವ ವ್ಯವಸ್ಥೆ ಮಾಡಿದ. ಸುರಪುರದ ಗುಡ್ಡದ ಮೇಲೆ ಆತ ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಬಾಲಕ ಅರಸ ಆತನನ್ನು ಅಪ್ಪಾ ಎಂದು ಕರೆಯುತ್ತಿದ್ದ.

ಈ ಹತ್ತು ವರ್ಷಗಳ ವಿವರಗಳಿಗೆ ಇಂಗ್ಲಿಷಿನಲ್ಲಿರುವ ಮುಖ್ಯ ಆಧಾರ ಟೇಲರನ ಆತ್ಮಕಥೆಯೇ. ಅದರಲ್ಲಿ ರಾಣಿ ಈಶ್ವರಮ್ಮನ ಚಿತ್ರ ಬಹಳ ಕಟುವಾದುದು. ಆಕೆ ಹಟಮಾರಿ, ಒಳಸಂಚುಗಾರ್ತಿ, ಶೀಲವಿಲ್ಲದವಳು ಎಂದು ಆತ ಬಣ್ಣಿಸುತ್ತಾನೆ. ಆದರೆ ಈ ತೀರ್ಪನ್ನು ಕೊಟ್ಟವನು ಆಕೆಯ ಅಧಿಕಾರವನ್ನು ಕಿತ್ತುಕೊಂಡವನೇ. ವಿಧವೆಯೊಬ್ಬಳು ಮಗನ ಹೆಸರಿನಲ್ಲಿ ರಾಜ್ಯವಾಳುವುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಕೆಳದಿ, ಕಿತ್ತೂರುಗಳ ನೆನಪು ಜನಮನದಲ್ಲಿ ಇತ್ತು. ಆಕೆಯ ಪ್ರತಿಭಟನೆಯನ್ನು ಒಳಸಂಚೆಂದು ಕರೆಯಬೇಕೋ, ಹಕ್ಕಿನ ರಕ್ಷಣೆಯೆಂದು ಕರೆಯಬೇಕೋ ಎಂಬುದು ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಅವಲಂಬಿಸಿದೆ. ಟೇಲರ್ ಕೊಟ್ಟ ದಿನಾಂಕ, ಮೊಬಲಗು, ಹೆಸರುಗಳನ್ನು ಒಪ್ಪಿಕೊಂಡೂ ಅವುಗಳಿಗೆ ಆತ ಅಂಟಿಸಿದ ಗುಣವಾಚಕಗಳನ್ನು ಬೇರ್ಪಡಿಸಿ ನೋಡುವುದು ಸಾಧ್ಯ. ಬೇಡರ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಆತನ ದೃಷ್ಟಿಯಲ್ಲಿ ಅವರು ಒರಟರು, ಕೊಳ್ಳೆಗೆ ಒಗ್ಗಿದವರು, ಆದರೆ ಒಡೆಯನಿಗೆ ನಿಷ್ಠರು. ಆ ನಿಷ್ಠೆ ತನ್ನ ಕಡೆಗೆ ತಿರುಗಿದಾಗ ಅದು ಸದ್ಗುಣ. ರಾಣಿಯ ಕಡೆಗೆ ತಿರುಗಿದಾಗ ಅದೇ ದಂಗೆ.

೪

ಸುರಪುರದ ವಾಸ್ತವ್ಯದಲ್ಲಿಯೇ ಟೇಲರ್ ಶಿಲಾಸಮಾಧಿಗಳ ಶೋಧನೆಯನ್ನು ನಡೆಸಿದ. ರಾಜನಕೋಳೂರಿನ ಕಲ್ಚಪ್ಪಡಿಯ ಗೂಡುಗಳು, ಭೀಮಾ ತೀರದ ಜೇವರ್ಗಿಯ ಕಲ್ಗುಪ್ಪೆಗಳು, ವಿಭೂತಿಹಳ್ಳಿಯಲ್ಲಿ ಸಾಲಾಗಿ ಇರಿಸಿದ ಬಂಡೆಗಳು ಇವನ್ನೆಲ್ಲ ಆತ ಅಳೆದು, ಚಿತ್ರಿಸಿ, ಕೆಲವನ್ನು ಅಗೆಸಿದ. ಇದರ ಫಲವಾಗಿ ಬಂದ ಲೇಖನಗಳು ೧೮೫೦ರ ದಶಕದ ಆರಂಭದಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿಯೂ, ನಿವೃತ್ತಿಯ ಅನಂತರ ೧೮೬೦ರ ದಶಕದಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿಯೂ ಪ್ರಕಟವಾದವು. ಸಮಾಧಿಯ ಒಳಗಿನ ಮಣ್ಣಿನ ಪದರಗಳು, ಕಲ್ಲುಗಳ ಜೋಡಣೆ, ಅಸ್ಥಿ ಮತ್ತು ಮಡಕೆಗಳು ಇದ್ದ ಸ್ಥಾನ ಇವನ್ನು ಅಡ್ಡಸೀಳಿಕೆಯ ನಕ್ಷೆಗಳಲ್ಲಿ ತೋರಿಸಿದ ಆತನ ಕ್ರಮ ಆ ಕಾಲಕ್ಕೆ ಅಪರೂಪವಾದುದು. ಒಂದು ಶತಮಾನದ ಬಳಿಕ ಮಾರ್ಟಿಮರ್ ವೀಲರ್ ಈ ನಕ್ಷೆಗಳನ್ನು ಮೆಚ್ಚಿಕೊಂಡ. ಹೈದರಾಬಾದಿನ ಪ್ರಾಕ್ತನ ಇಲಾಖೆ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಈ ಲೇಖನಗಳನ್ನು ೧೯೪೧ರಲ್ಲಿ ಒಟ್ಟುಗೂಡಿಸಿ ಮರುಮುದ್ರಿಸಿತು.

ಅಳತೆ, ನಕ್ಷೆಗಳಿಗಿಂತ ವಸ್ತುನಿಷ್ಠವಾದ ಬರಹ ಇನ್ನಾವುದಿದ್ದೀತು? ಆದರೂ ಆ ಲೇಖನಗಳ ಶೀರ್ಷಿಕೆಗಳಲ್ಲಿಯೇ ಟೇಲರ್ ಈ ಸಮಾಧಿಗಳನ್ನು ಕೆಲ್ಟಿಕ್, ಡ್ರುಯಿಡ್, ಸಿಥಿಯನ್ ಎಂಬ ಹೆಸರುಗಳಿಂದ ಕರೆದ. ಆತನ ತಂದೆ ನೆಲಸಿದ್ದು ಡಬ್ಲಿನ್ನಿನಲ್ಲಿ. ಮುಂದೆ ಟೇಲರನೂ ಅಲ್ಲಿಯೇ ಮನೆ ಮಾಡಿದ. ಐರ್ಲೆಂಡ್, ಬ್ರಿಟನ್‌ಗಳ ಬಯಲುಗಳಲ್ಲಿ ಇಂಥ ಕಲ್ಗೂಡುಗಳು ಉಂಟು. ಅವನ್ನು ಡ್ರುಯಿಡ್ ಎಂಬ ಪುರಾತನ ಪುರೋಹಿತರ ಕೆಲಸವೆಂದು ಆ ಕಾಲದ ವಿದ್ವಾಂಸರು ಭಾವಿಸಿದ್ದರು. ರಾಜನಕೋಳೂರಿನ ಕಲ್ಲುಗಳಲ್ಲಿ ಟೇಲರ್ ತನ್ನ ತವರಿನ ಕಲ್ಲುಗಳನ್ನು ಕಂಡ. ರುಂಡ ಬೇರ್ಪಟ್ಟ ಅಸ್ಥಿಪಂಜರಗಳು ದೊರೆತಾಗ ನರಬಲಿಯ ಊಹೆ ಆತನಿಗೆ ಸಹಜವಾಗಿ ತೋರಿತು. ಏಕೆಂದರೆ ಡ್ರುಯಿಡರು ನರಬಲಿ ಕೊಡುತ್ತಿದ್ದರೆಂದು ರೋಮನ್ ಲೇಖಕರು ಬರೆದಿದ್ದರು. ಸ್ಥಳೀಯರಲ್ಲಿ ಈ ಗೂಡುಗಳು ಮೋರಿಯರೆಂಬ ಕುಳ್ಳರು ಕಟ್ಟಿದ ಮನೆಗಳು ಎಂಬ ಐತಿಹ್ಯವಿದೆ. ಟೇಲರ್ ಅದನ್ನು ಐತಿಹ್ಯವೆಂದು ಬದಿಗಿಟ್ಟು ಡ್ರುಯಿಡರ ಕಥೆಯನ್ನು ಶಾಸ್ತ್ರವೆಂದು ಸ್ವೀಕರಿಸಿದ. ವಾಸ್ತವವಾಗಿ ಎರಡೂ ಐತಿಹ್ಯಗಳೇ. ಒಂದಕ್ಕೆ ಅಚ್ಚಿನ ಪುಸ್ತಕದ ಬೆಂಬಲವಿತ್ತು, ಅಷ್ಟೆ. ಈ ಸಮಾಧಿಗಳು ದಕ್ಷಿಣ ಭಾರತದ ಕಬ್ಬಿಣಯುಗದ ಜನರವೆಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾಗಿದೆ. ಡ್ರುಯಿಡರ ಸಿದ್ಧಾಂತ ಬಿದ್ದುಹೋಗಿದೆ; ಟೇಲರನ ನಕ್ಷೆಗಳು ಉಳಿದಿವೆ.

ಇದು ಹವ್ಯಾಸಿ ಅಧಿಕಾರಿಯೊಬ್ಬನ ದೌರ್ಬಲ್ಯವೆಂದು ತಳ್ಳಿಹಾಕುವಂತಿಲ್ಲ. ೧೯೪೭ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ವೀಲರ್ ಪಳಗಿದ ಶಾಸ್ತ್ರಜ್ಞ. ಆತನ ಮೊದಲ ಖ್ಯಾತಿಗೆ ಕಾರಣ ರೋಮನ್ ಕಾಲದ ಬ್ರಿಟನ್ನಿನ ಅಧ್ಯಯನ. ೧೯೪೫ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ತಾನು ಗುರುತಿಸಿದ ರೋಮನ್ ಮಡಕೆಗಳನ್ನೇ ಕಾಲಮಾನದ ಆಧಾರವಾಗಿ ಹಿಡಿದು, ಬ್ರಹ್ಮಗಿರಿಯ ಬೃಹತ್ ಶಿಲಾಸಂಸ್ಕೃತಿಯನ್ನು ಕ್ರಿಸ್ತಶಕದ ಆರಂಭದ ಆಸುಪಾಸಿಗೆ ತಂದ. ಅನಂತರದ ಸಂಶೋಧನೆ ಈ ಸಂಸ್ಕೃತಿಯ ಆರಂಭವನ್ನು ಹಲವು ಶತಮಾನಗಳಷ್ಟು ಹಿಂದಕ್ಕೆ ಒಯ್ದಿದೆ. ಒಬ್ಬನು ಐರ್ಲೆಂಡಿನಿಂದ ನೋಡಿದರೆ ಇನ್ನೊಬ್ಬನು ರೋಮಿನಿಂದ ನೋಡಿದ. ತಾನು ಬಲ್ಲುದರಿಂದ ತಿಳಿಯದುದನ್ನು ಅಳೆಯುವುದು ಎಲ್ಲ ವಿದ್ವತ್ತಿಗೂ ಅನಿವಾರ್ಯ. ಅಳತೆಗೋಲು ಯಾವುದೆಂದು ಹೇಳಿಟ್ಟರೆ ಮುಂದಿನವರು ತಿದ್ದಿಕೊಳ್ಳಬಹುದು.

೫

೧೮೫೩ರಲ್ಲಿ ವೆಂಕಟಪ್ಪ ನಾಯಕನಿಗೆ ರಾಜ್ಯವನ್ನು ಒಪ್ಪಿಸಿ ಟೇಲರ್ ಸುರಪುರದಿಂದ ಹೊರಟ. ನಿಜಾಮನಿಂದ ಬ್ರಿಟಿಷರ ಆಡಳಿತಕ್ಕೆ ಆಗತಾನೆ ಬಂದಿದ್ದ ನಳದುರ್ಗ ಪ್ರಾಂತ್ಯ ಆತನ ಪಾಲಿಗೆ ಬಂದಿತು. ೧೮೫೭ರಲ್ಲಿ ಬೀರಾರಿಗೆ ವರ್ಗವಾಯಿತು. ಉತ್ತರದ ಬಂಡಾಯದ ಅಲೆ ದಕ್ಷಿಣಕ್ಕೂ ಹಬ್ಬಿದಾಗ ಸುರಪುರದ ತರುಣ ಅರಸ ಬ್ರಿಟಿಷರ ವಿರುದ್ಧ ನಿಂತ. ೧೮೫೮ರ ಫೆಬ್ರವರಿಯಲ್ಲಿ ಸುರಪುರದ ಬಳಿ ಕಾಳಗ ನಡೆದು ಬ್ರಿಟಿಷರ ಕಡೆಯಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದ. ಹೆಚ್ಚಿನ ಸೈನ್ಯ ಬರುತ್ತಿದ್ದಂತೆ ಅರಸ ಹೈದರಾಬಾದಿಗೆ ಹೋದ. ಅಲ್ಲಿ ದಿವಾನ ಸಾಲಾರ್ ಜಂಗ್ ಆತನನ್ನು ಹಿಡಿಸಿ ರೆಸಿಡೆಂಟನಿಗೆ ಒಪ್ಪಿಸಿದ.

ಟೇಲರ್ ಸೆರೆಯಲ್ಲಿದ್ದ ಅರಸನನ್ನು ಕಂಡ. ಆತನ ವರ್ಣನೆಯಂತೆ ತರುಣ ಅರಸ ಆತನನ್ನು ಅಪ್ಪಿಕೊಂಡು ಅತ್ತ. ಸಾವಿಗೆ ಅಂಜದಿದ್ದರೂ ನೇಣಿನ ಅವಮಾನವನ್ನು ಸಹಿಸಲಾರೆನೆಂದ. ತನ್ನನ್ನು ಪ್ರೇರಿಸಿದವರ ಹೆಸರುಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸೈನಿಕ ನ್ಯಾಯಾಲಯ ಮರಣದಂಡನೆ ವಿಧಿಸಿತು. ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ; ಗವರ್ನರ್ ಜನರಲ್ ಅದನ್ನೂ ತಗ್ಗಿಸಿ ಮದರಾಸಿನ ಬಳಿಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಯಾಗಿ ಮಾರ್ಪಡಿಸಿದ. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅರಸ ಮೃತನಾದ. ಅದು ಆತ್ಮಹತ್ಯೆಯೆಂದು ಟೇಲರ್ ಬರೆದ. ಸುರಪುರದ ಸೀಮೆಯಲ್ಲಿ ಅದನ್ನು ಎಲ್ಲರೂ ನಂಬಲಿಲ್ಲ.

ಈ ಪ್ರಕರಣವನ್ನು ಟೇಲರ್ ಹೇಳುವ ಬಗೆ ವಿಶಿಷ್ಟವಾದುದು. ಅರಸನ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜ್ಯನಾಶವೂ ಮರಣವೂ ಇರುವುದಾಗಿ ಬ್ರಾಹ್ಮಣನೊಬ್ಬ ಬಹಳ ಹಿಂದೆಯೇ ತನಗೆ ಗುಟ್ಟಾಗಿ ತಿಳಿಸಿದ್ದನೆಂದೂ, ಶಿಕ್ಷೆ ತಗ್ಗಿದಾಗ ಜಾತಕ ಸುಳ್ಳಾಯಿತೆಂದು ತಾನು ಭಾವಿಸಿದ್ದರೂ ಕೊನೆಗೆ ಅದೇ ನಿಜವಾಯಿತೆಂದೂ ಆತ ಬರೆಯುತ್ತಾನೆ. ಮೂಢನಂಬಿಕೆಗಳನ್ನು ಒಪ್ಪದ ಅಧಿಕಾರಿ ಈ ಒಂದು ಸಂಗತಿಯನ್ನು ಅಲ್ಲಗಳೆಯದೆ ಬಿಟ್ಟದ್ದೇಕೆ? ಎಲ್ಲವೂ ಗ್ರಹಗತಿಯಾದರೆ ಹೊಣೆ ಯಾರದೂ ಅಲ್ಲ. ಹತ್ತು ವರ್ಷ ಆ ಬಾಲಕನನ್ನು ಬೆಳೆಸಿದ ಕ್ರಮ, ರಾಣಿಯನ್ನು ದೂರವಿರಿಸಿದ ರೀತಿ, ದತ್ತು ರಾಜ್ಯಗಳನ್ನು ನುಂಗುತ್ತಿದ್ದ ಕಂಪನಿಯ ನೀತಿ ಇವುಗಳಲ್ಲಿ ಕಾರಣಗಳನ್ನು ಹುಡುಕಬೇಕಾದ ಸಂಕಟ ಆಗ ತಪ್ಪುತ್ತದೆ. ಕೆಟ್ಟ ಸಹವಾಸ, ದುರ್ಬೋಧನೆ, ವಿಧಿ ಎಂಬ ಮೂರು ಕಾರಣಗಳಲ್ಲಿ ಆತ ಕಥೆಯನ್ನು ಮುಗಿಸಿದ. ತಾನು ಸಾಕಿದ ಹುಡುಗ ತನ್ನ ಸರ್ಕಾರವನ್ನು ತಿಳಿದೂ ತಿಳಿದೂ ತಿರಸ್ಕರಿಸಿದನೆಂಬ ಸಾಧ್ಯತೆ ಆ ಕಥೆಯಲ್ಲಿ ಇಲ್ಲ. ಟೇಲರನ ದುಃಖ ಕಪಟವಲ್ಲ. ಆದರೆ ಪ್ರಾಮಾಣಿಕವಾದ ದುಃಖವೂ ಒಂದು ನಿಲುವೇ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸ್ವಾತಂತ್ರ್ಯಾನಂತರದ ಕನ್ನಡ ಬರಹಗಳಲ್ಲಿ ವೆಂಕಟಪ್ಪ ನಾಯಕ ಸ್ವಾತಂತ್ರ್ಯ ಹೋರಾಟದ ಹುತಾತ್ಮ. ಟೇಲರ್ ಹುಡುಗನೆಂದು ಕಂಡವನನ್ನು ಇವು ವೀರನೆಂದು ಕಂಡವು. ಗಮನಾರ್ಹವಾದುದೆಂದರೆ, ಹೆಸರುಗಳನ್ನು ಬಿಟ್ಟುಕೊಡದ ಆತನ ದಾರ್ಢ್ಯಕ್ಕೆ ಈ ಬರಹಗಳಿಗೂ ದೊರೆಯುವ ಸಾಕ್ಷ್ಯ ಟೇಲರನದೇ. ಎದುರು ಪಕ್ಷದವನ ಬರಹದಿಂದಲೇ ಅರಸನ ಘನತೆ ಸ್ಥಾಪಿತವಾಗುತ್ತದೆ. ಏಕೆಂದರೆ ತನ್ನ ವ್ಯಾಖ್ಯಾನಕ್ಕೆ ಹೊಂದದ ವಿವರವನ್ನೂ ಟೇಲರ್ ಅಳಿಸಿಹಾಕಲಿಲ್ಲ.

೬

ಸುರಪುರದ ಕಮಿಷನರನಾಗಿ ಸ್ವಲ್ಪಕಾಲ ದುಡಿದು ೧೮೬೦ರಲ್ಲಿ ಟೇಲರ್ ಸ್ವದೇಶಕ್ಕೆ ಮರಳಿದ. ಸುರಪುರ ನಿಜಾಮನ ರಾಜ್ಯಕ್ಕೆ ಸೇರಿಹೋಯಿತು. ಡಬ್ಲಿನ್ನಿನಲ್ಲಿ ಕುಳಿತು ಆತ ಬರೆದ 'ತಾರಾ' (೧೮೬೩), 'ರಾಲ್ಫ್ ಡಾರ್ನೆಲ್' (೧೮೬೫), 'ಸೀತಾ' ಕಾದಂಬರಿಗಳು ೧೬೫೭, ೧೭೫೭, ೧೮೫೭ ಎಂಬ ಮೂರು ವರ್ಷಗಳ ಸುತ್ತ ಹೆಣೆದವು. ಶಿವಾಜಿಯ ಏಳಿಗೆ, ಪ್ಲಾಸಿ ಕದನ, ಬಂಡಾಯ ಇವು ನೂರು ನೂರು ವರ್ಷಗಳ ಅಂತರದಲ್ಲಿ ಬಂದದ್ದರಲ್ಲಿ ಆತನಿಗೆ ಒಂದು ವಿನ್ಯಾಸ ಕಂಡಿತ್ತು. ಇದೇ ಕಾಲದಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವನ್ನೂ (೧೮೭೦) ರಚಿಸಿದ. 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಛಾಯಾಚಿತ್ರಗಳ ಮಹಾಸಂಪುಟಗಳಿಗೆ ವಿವರಣೆಗಳನ್ನು ಬರೆದ. ಛಾಯಾಚಿತ್ರ ಇದ್ದುದನ್ನು ಇದ್ದಂತೆ ತೋರಿಸುತ್ತದೆಂಬ ನಂಬಿಕೆಯಿಂದ ಸಿದ್ಧವಾದ ಆ ಸಂಪುಟಗಳಲ್ಲಿ ಯಾವ ಮುಖ ಯಾವ ಜಾತಿಯ ಯಾವ ಸ್ವಭಾವವನ್ನು ಸೂಚಿಸುತ್ತದೆ ಎಂಬುದನ್ನು ನಿರ್ಧರಿಸಿದ್ದು ಜೊತೆಗಿದ್ದ ಬರಹ.

೧೮೭೫ರಲ್ಲಿ ಸಾಲಾರ್ ಜಂಗನ ಆಹ್ವಾನದ ಮೇಲೆ, ಕಣ್ಣು ಮಂಜಾಗಿದ್ದ ಟೇಲರ್ ಮತ್ತೊಮ್ಮೆ ಹೈದರಾಬಾದಿಗೆ ಬಂದ. ಜ್ವರ ಆತನನ್ನು ಹಣ್ಣುಮಾಡಿತು. ಹಿಂದಿರುಗುವ ದಾರಿಯಲ್ಲಿ, ೧೮೭೬ರ ಮೇ ೧೩ರಂದು, ಫ್ರಾನ್ಸಿನ ಮಾಂತೋನಿನಲ್ಲಿ ತೀರಿಕೊಂಡ. ಆತ್ಮಕಥೆ ಮಗಳು ಆಲಿಸಳ ಸಂಪಾದಕತ್ವದಲ್ಲಿ, ಬಂಧುವಾದ ಹೆನ್ರಿ ರೀವನ ಮುನ್ನುಡಿಯೊಡನೆ ೧೮೭೭ರಲ್ಲಿ ಹೊರಬಂದಿತು. ಹೀಗಾಗಿ ಅದು ಟೇಲರನ ಮಾತು ಮಾತ್ರವಲ್ಲ; ತಂದೆಯನ್ನು ಲೋಕ ಹೇಗೆ ನೆನೆಯಬೇಕೆಂದು ಬಯಸಿದ ಮಗಳ ಆಯ್ಕೆಯೂ ಅದರಲ್ಲಿದೆ.

ಟೇಲರನ ಬರಹಗಳನ್ನು ಪಕ್ಷಪಾತದ್ದೆಂದು ತೊರೆದರೆ ಸುರಪುರದ ಚರಿತ್ರೆಯ ಅರ್ಧ ಭಾಗ ಕೈತಪ್ಪುತ್ತದೆ; ನಿಷ್ಪಕ್ಷಪಾತದ್ದೆಂದು ನಂಬಿದರೆ ಈಶ್ವರಮ್ಮನಿಗೂ ವೆಂಕಟಪ್ಪ ನಾಯಕನಿಗೂ ಅನ್ಯಾಯವಾಗುತ್ತದೆ. ಆತ ನಿಂತ ಸ್ಥಳದಿಂದಲೇ ಆತನಿಗೆ ಇತರರಿಗೆ ಕಾಣದ ಎಷ್ಟೋ ಸಂಗತಿಗಳು ಕಂಡವು. ಅದೇ ಸ್ಥಳದಿಂದಾಗಿ ಕೆಲವು ಮರೆಯಾದವು. ಅಭ್ಯಾಸಿ ಮಾಡಬೇಕಾದ ಕೆಲಸ ಆ ಸ್ಥಳವನ್ನು ಗುರುತಿಸುವುದು: ಬರೆದಾಗ ಆತ ಯಾವ ಹುದ್ದೆಯಲ್ಲಿದ್ದ, ಯಾರ ಓದಿಗಾಗಿ ಬರೆದ, ಯಾರ ಮಾತನ್ನು ಕೇಳಿಸಿಕೊಂಡ, ಯಾರನ್ನು ಕೇಳಲೇ ಇಲ್ಲ. ಸುರಪುರದ ದಫ್ತರಗಳನ್ನೂ, ಆ ಸೀಮೆಯ ಹಾಡು, ಐತಿಹ್ಯಗಳನ್ನೂ ಮುಂದೆ ಓದುವ ಕನ್ನಡದ ಸಂಶೋಧಕನು ಇವೇ ಪ್ರಶ್ನೆಗಳನ್ನು ಅವುಗಳಿಗೂ, ತನ್ನ ಬರಹಕ್ಕೂ ಕೇಳಿಕೊಳ್ಳಬೇಕಾಗುತ್ತದೆ.